ಅವ್ವನ ಬುಗುಡಿ, ಎರಡು ಉಂಗುರ: ದಾವಣಗೆರೆಯ ಒಂದು ಮದುವೆ ಮನೆಯ ಲೋಹದ ಲೆಕ್ಕ

2025ರ ಸಂಕ್ರಾಂತಿಯ ಮರುದಿನ. ನಮ್ಮಕ್ಕನ ಮಗನಿಗೆ ಗೊತ್ತಾಗಿದ್ದ ಹುಡುಗಿ ಎಳ್ಳು-ಬೆಲ್ಲ ಕೊಡೋಕೆ ಅಂತ ಮನೆಗೆ ಬಂದಿದ್ದಳು. ತಟ್ಟೆ ಹಿಡಿದ ಕೈ ನೋಡಿದೆ. ಉಂಗುರದ ಬೆರಳು ಖಾಲಿ. ನಿಶ್ಚಿತಾರ್ಥ ಆಗಿ ಇನ್ನೂ ಎರಡು ತಿಂಗಳು. "ಉಂಗುರ ಎಲ್ಲವ್ವ?" ಅಂದೆ. ಅವಳು ಸಂಕೋಚದಿಂದ ಪರ್ಸ್ ತೆಗೆದು, ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟಿದ್ದ ಉಂಗುರವನ್ನು ನನ್ನ ಅಂಗೈಗೆ ಹಾಕಿದಳು. ಬೆರಳಿನ ಬುಡದಲ್ಲಿ ಸರಿಯಾಗಿ ಉಂಗುರದಷ್ಟೇ ಅಗಲಕ್ಕೆ ಒಂದು ಕೆಂಪು ಪಟ್ಟಿ. ಚರ್ಮ ಒಣಗಿ ಸಿಪ್ಪೆ ಎದ್ದಿತ್ತು, ಅಂಚಿನಲ್ಲಿ ರವೆಯಂಥ ಗುಳ್ಳೆಗಳು.

"ಆಂಟಿ, ಅತ್ತೆಗೆ ಹೇಳಬೇಡ್ರಿ. ಕೊಟ್ಟಿದ್ದು ಹಾಕ್ಕೊಳ್ಳಲಿಲ್ಲ ಅಂತ ಬೇಜಾರಾಗ್ತಾರೆ" ಅಂದಳು.

ನಾನು ದಾವಣಗೆರೆಯ ಒಂದು ಚಿನ್ನದಂಗಡಿಯ ಕೌಂಟರಿನಲ್ಲಿ 19 ವರ್ಷದಿಂದ ಇದ್ದೇನೆ. ಮದುವೆ ಉಂಗುರ ಕೊಳ್ಳಲು ಬರುವವರು ಮೊದಲು ಡಿಸೈನ್ ನೋಡುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ಹಾಕಿಕೊಳ್ಳುವವರ ಕೈ ಏನು ಕೆಲಸ ಮಾಡುತ್ತದೆ ಅಂತ ಅವರೂ ಹೇಳುವುದಿಲ್ಲ, ನಾವೂ ಕೇಳುವುದು ಕಡಿಮೆ. ಈ ಜೋಡಿಯ ವಿಷಯದಲ್ಲಿ ಹಾಗೆ ಕೇಳದೆ ಹೋದದ್ದಕ್ಕೆ ಏನಾಯಿತು, ಆಮೇಲೆ ಹೇಗೆ ಸರಿ ಮಾಡಿದೆವು ಅನ್ನುವುದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾರೆ.

ಹುಡುಗಿಯ ತವರು ಹರಿಹರ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಆಗ ಎಮರ್ಜೆನ್ಸಿ ವಾರ್ಡಿನಲ್ಲಿದ್ದಳು. ಹುಡುಗನದು ಪಿ.ಬಿ. ರಸ್ತೆಯಲ್ಲಿ ಲಾರಿ-ಟ್ರ್ಯಾಕ್ಟರ್ ವೈರಿಂಗ್ ಮಾಡುವ ಆಟೋ ಎಲೆಕ್ಟ್ರಿಕಲ್ ಅಂಗಡಿ. ಬ್ಯಾಟರಿ, ಡೈನಮೋ, ಸೆಲ್ಫ್ ಮೋಟಾರು ಅವನ ದಿನ. ನಿಶ್ಚಿತಾರ್ಥದ ಹೊತ್ತಿಗೆ ನಾನು ಮಗಳ ಬಾಣಂತನಕ್ಕೆ ಅಂತ ಬೆಂಗಳೂರಿನಲ್ಲಿದ್ದೆ. ಮಕ್ಕಳೇ ಇಬ್ಬರೂ ಹೋಗಿ ಊರಿನ ಬೇರೊಂದು ಅಂಗಡಿಯಲ್ಲಿ ಜೋಡಿ ಉಂಗುರ ತಂದಿದ್ದರು. ಎರಡೂ 18 ಕ್ಯಾರೆಟ್ ಬಿಳಿ ಚಿನ್ನ. ಅವಳದರ ಮೇಲೆ ಒಂದು ಸಣ್ಣ ವಜ್ರ, ನಾಲ್ಕು ಮುಳ್ಳಿನ ಕಟ್ಟು.

ಬಿಲ್ ತರಿಸಿ ನೋಡಿದೆ. ಎಲ್ಲ ಸರಿಯಾಗಿತ್ತು. ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್ ಗುರುತು, 750 ಅನ್ನೋ ಶುದ್ಧತೆ, ಒಂದೊಂದು ಒಡವೆಗೂ ಬೇರೆ ಬೇರೆ ಇರುವ ಆರು ಅಕ್ಷರ-ಅಂಕಿಗಳ ಗುರುತಾದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಈ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವ ಹಾಗಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಅಂಕಿ ಹಾಕಿದೆ, ವಿವರ ಬಂತು. ಅಂದರೆ ಮೋಸ ಏನೂ ಆಗಿಲ್ಲ. ಹಾಗಾದರೆ ಬೆರಳು ಯಾಕೆ ಹೀಗಾಯಿತು?

ಉಳಿದ 250 ಯಾವುದು

ಹಾಲ್‌ಮಾರ್ಕ್ ಹೇಳುವುದು ಒಡವೆಯಲ್ಲಿ ಚಿನ್ನ ಎಷ್ಟಿದೆ ಅಂತ. 750 ಅಂದರೆ ಸಾವಿರ ಪಾಲಿನಲ್ಲಿ 750 ಪಾಲು ಚಿನ್ನ. ಉಳಿದ 250 ಪಾಲು ಯಾವ ಲೋಹ ಅಂತ ಅದು ಹೇಳುವುದಿಲ್ಲ. ಹಳದಿ ಚಿನ್ನದಲ್ಲಿ ಸಾಮಾನ್ಯವಾಗಿ ಅದು ಬೆಳ್ಳಿ, ತಾಮ್ರ. ತಾಮ್ರ ಜಾಸ್ತಿ ಹಾಕಿದರೆ ಕೆಂಪಗೆ ತಿರುಗುತ್ತದೆ, ಅದನ್ನೇ ರೋಸ್ ಗೋಲ್ಡ್ ಅನ್ನುತ್ತಾರೆ. ಬಿಳಿ ಚಿನ್ನಕ್ಕೆ ಹಳದಿಯನ್ನು ಅಳಿಸುವ ಲೋಹ ಬೇಕು. ಪಲ್ಲಾಡಿಯಂ ಹಾಕಬಹುದು, ಅದು ದುಬಾರಿ. ನಿಕಲ್ ಹಾಕಬಹುದು, ಅದು ಅಗ್ಗ, ಗಟ್ಟಿಯೂ ಹೌದು. ಎರಡರಲ್ಲಿ ಯಾವುದನ್ನು ಹಾಕಿದರೂ ಉಂಗುರ ಪೂರ್ತಿ ಬೆಳ್ಳಗಾಗುವುದಿಲ್ಲ, ತುಸು ಬೂದು-ಹಳದಿ ಉಳಿಯುತ್ತದೆ. ಅದಕ್ಕೇ ಮೇಲೆ ರೋಡಿಯಂ ಅನ್ನೋ ಬೆಳ್ಳನೆಯ ಲೋಹದ ನೀರು ಕೊಡುತ್ತಾರೆ. ಅಂಗಡಿಯಲ್ಲಿ ಕನ್ನಡಿಯ ಹಾಗೆ ಹೊಳೆಯುವುದು ಆ ರೋಡಿಯಂ. ಅದು ತೆಳು ಪದರ, ದಿನಾ ಹಾಕಿಕೊಂಡರೆ ಒಂದೆರಡು ವರ್ಷದಲ್ಲಿ ಮತ್ತೆ ಕೊಡಿಸಬೇಕಾಗುತ್ತದೆ. ನಮ್ಮ ಹುಡುಗಿ ದಿನಕ್ಕೆ ಎಷ್ಟು ಸಲ ಕೈಗೆ ಸ್ಯಾನಿಟೈಸರ್ ಉಜ್ಜುತ್ತಾಳೆ, ಎಷ್ಟು ಸಲ ಗ್ಲೌಸ್ ಏರಿಸಿ ಇಳಿಸುತ್ತಾಳೆ ಅನ್ನುವುದಕ್ಕೆ ಲೆಕ್ಕವಿಲ್ಲ. ಎರಡೇ ತಿಂಗಳಿಗೆ ಉಂಗುರದ ಅಂಗೈ ಕಡೆಯ ಭಾಗ ಮಾಸಿ, ಸಣ್ಣಗೆ ಹಳದಿ ಇಣುಕುತ್ತಿತ್ತು. ರೋಡಿಯಂ ಇರುವವರೆಗೆ ಕೆಳಗಿನ ಲೋಹ ಚರ್ಮಕ್ಕೆ ಮುಟ್ಟುವುದು ಕಡಿಮೆ. ಅದು ಸವೆದ ಮೇಲೆ ತಡೆಯೇ ಇಲ್ಲ.

"ಮುಂಚೆ ಯಾವುದಾದ್ರೂ ಒಡವೆ ಆಗ್ತಿರಲಿಲ್ವಾ?" ಅಂತ ಕೇಳಿದೆ. "ಆರ್ಟಿಫಿಶಿಯಲ್ ಓಲೆ ಹಾಕಿದ್ರೆ ಕಿವಿ ಸೋರುತ್ತೆ. ವಾಚಿನ ಬಕಲ್ ಇರೋ ಜಾಗ ಕೆರೆಯುತ್ತೆ. ಜೀನ್ಸ್ ಗುಂಡಿ ತಾಗೋ ಕಡೆ ಕಪ್ಪಾಗಿದೆ" ಅಂದಳು. ನಿಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಈ ಮೂರೂ ಒಟ್ಟಿಗೆ ಬಂದರೆ ಅದರ ಮೇಲೆ ಅನುಮಾನ ಪಡಲೇಬೇಕು. ಆದರೂ ಬರೀ ಅನುಮಾನದ ಮೇಲೆ ತೀರ್ಮಾನ ಮಾಡಬಾರದು. ಉಂಗುರದ ಕೆಳಗೆ ಸೋಪು ನಿಂತರೂ ಚರ್ಮ ಹೀಗೇ ಕೆಡುತ್ತದೆ. ಹಾಗಾಗಿ ಎರಡು ಪರೀಕ್ಷೆ ಮಾಡಿಸಿದೆವು.

ಒಂದು ಅವಳದು. ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್. ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿ ಅಂಟಿಸಿ ಎರಡು ದಿನ ಬಿಡುತ್ತಾರೆ. ತೆಗೆದಾಗ ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ನಿಕಲ್ ಸಲ್ಫೇಟ್ ಹಚ್ಚಿದ ಜಾಗ ಕೆಂಪಗೆ ಉಬ್ಬಿತ್ತು. ಇನ್ನೊಂದು ಪರೀಕ್ಷೆ ಉಂಗುರದ್ದು. ನಮ್ಮ ಅಂಗಡಿಯ ಟೆಸ್ಟಿಂಗ್ ಮಷಿನ್‌ನಲ್ಲಿ ಎಕ್ಸ್‌ರೇ ಬಿಟ್ಟು ಲೋಹಗಳ ಪ್ರಮಾಣ ನೋಡಬಹುದು. ಅದು ಮೇಲ್ಮೈಯನ್ನು ಮಾತ್ರ ಓದುತ್ತದೆ, ಹಾಗೇ ಇಟ್ಟರೆ ರೋಡಿಯಂ ಅಡ್ಡ ಬರುತ್ತದೆ. ಒಳಬದಿಯಲ್ಲಿ ಒಂದು ಚುಕ್ಕೆಯಷ್ಟು ಜಾಗ ಉಜ್ಜಿ ಇಟ್ಟೆವು. ಪರದೆಯ ಮೇಲೆ ಚಿನ್ನ ನೂರಕ್ಕೆ 75ರ ಮೇಲೆ ತೋರಿಸಿತು. ಅದರ ಕೆಳಗೆ ತಾಮ್ರ, ಸತು, ನಿಕಲ್. ನಿಕಲ್ 8ಕ್ಕಿಂತ ಜಾಸ್ತಿ.

ಕೊಂಡ ಅಂಗಡಿಗೆ ಹೋಗಿ ಕೇಳಿದರೆ, "ನಮಗೆ ಕಂಪನಿಯಿಂದ ರೆಡಿ ಬರುತ್ತೆ, ಉಳಿದದ್ದು ಏನಿದೆಯೋ ನಮಗೂ ಗೊತ್ತಿಲ್ಲ" ಅಂದರು. ಅದು ಸುಳ್ಳಲ್ಲ. ಆದರೆ ಗೊತ್ತಿಲ್ಲದೆ ಮಾರುವುದು ಸರಿ ಅಂತ ನನಗೆ ಅನಿಸುವುದಿಲ್ಲ. ಬಿಳಿ ಚಿನ್ನ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ಇದರಲ್ಲಿರುವುದು ನಿಕಲ್ಲೋ ಪಲ್ಲಾಡಿಯಮ್ಮೋ? ಉತ್ತರ ಬಾಯಿಮಾತಿನಲ್ಲಿ ಬೇಡ, ಬಿಲ್ ಮೇಲೆ ಬರೆಸಿಕೊಳ್ಳಿ.

ವಾಪಸ್ ಕೊಟ್ಟಾಗ ಚಿನ್ನದ ಬೆಲೆ ಮಾತ್ರ ಬಂತು. ಮಜೂರಿ, ಜಿಎಸ್‌ಟಿ ಎಲ್ಲ ಹೋಯಿತು. ವಜ್ರವನ್ನು ಬಿಡಿಸಿ ವಾಪಸ್ ಕೊಡಿ ಅಂತ ಪಟ್ಟು ಹಿಡಿದು ತಂದೆವು.

ಹುಡುಗನ ಬೆರಳು

ಇಷ್ಟರಲ್ಲಿ ಹುಡುಗ ಇನ್ನೊಂದು ಯೋಚನೆ ಮಾಡಿದ್ದ. "ಚಿಕ್ಕಮ್ಮ, ಮದುವೆಗೆ ಇಬ್ರೂ ಟಂಗ್‌ಸ್ಟನ್ ತಗೊಂಡುಬಿಡ್ತೀವಿ. ಆನ್‌ಲೈನ್‌ನಲ್ಲಿ ಸಿಗುತ್ತೆ, ಗೀರೇ ಬೀಳಲ್ವಂತೆ, ರೇಟೂ ಕಮ್ಮಿ" ಅಂದ.

ಗೀರು ಬೀಳುವುದಿಲ್ಲ, ನಿಜ. ಟಂಗ್‌ಸ್ಟನ್ ಕಾರ್ಬೈಡ್ ಅಷ್ಟು ಗಡಸು. ಆದರೆ ಗಡಸು ಬೇರೆ, ಗಟ್ಟಿ ಬೇರೆ. ಗಾಜಿನ ಬಳೆಯ ಮೇಲೆ ಉಗುರಿನಿಂದ ಗೀರು ಎಳೆಯಲಾಗುವುದಿಲ್ಲ, ನೆಲಕ್ಕೆ ಬಿದ್ದರೆ ಒಡೆಯುತ್ತದೆ ಅಲ್ವಾ? ಇದೂ ಜೋರಾಗಿ ಏಟು ಬಿದ್ದರೆ ಬಗ್ಗುವುದಿಲ್ಲ, ಸೀಳುತ್ತದೆ. ಬೆರಳು ದಪ್ಪ ಆದರೆ ದೊಡ್ಡದು ಮಾಡಲು ಬರುವುದಿಲ್ಲ. ಇನ್ನೊಂದು ವಿಷಯ ಅವನಿಗೆ ಗೊತ್ತಿರಲಿಲ್ಲ. ಕಾರ್ಬೈಡ್ ಪುಡಿಯನ್ನು ಹಿಡಿದಿಡಲು ಒಂದು ಲೋಹ ಬೇಕು, ಅದು ಕೋಬಾಲ್ಟ್ ಅಥವಾ ನಿಕಲ್. ತಪ್ಪಿಸಿಕೊಂಡು ಬಂದ ನಿಕಲ್ಲನ್ನೇ ಮತ್ತೆ ಹುಡುಕಿಕೊಂಡು ಹೋದಂತೆ ಆಗುತ್ತಿತ್ತು.

ಹುಡುಗಿ ಆಗ ಮಾತು ತೆಗೆದಳು. ಎಮರ್ಜೆನ್ಸಿಯಲ್ಲಿ ಬೆರಳು ಊದಿಕೊಂಡು ಉಂಗುರ ಸಿಕ್ಕಿಹಾಕಿಕೊಂಡವರು ಬರುತ್ತಾರೆ. ಚಿನ್ನದ್ದಾದರೆ ಸಣ್ಣ ಕಟರ್ ಒಳಗೆ ತೂರಿಸಿ ಕೈಯಲ್ಲೇ ತಿರುಗಿಸಿ ಕತ್ತರಿಸುತ್ತಾರೆ. ಟಂಗ್‌ಸ್ಟನ್‌ಗೆ ಆ ಕಟರ್ ನಾಟುವುದಿಲ್ಲ, ಇಕ್ಕಳದಲ್ಲಿ ಬಿಗಿಹಿಡಿದು ಒಡೆಯಬೇಕು. ಟೈಟಾನಿಯಂ ಕತ್ತರಿಸಬಹುದು, ಆದರೆ ಚಿನ್ನದಷ್ಟು ಸುಲಭ ಅಲ್ಲ. ಆ ಹೊತ್ತಿನಲ್ಲಿ ಬೆರಳಿಗೆ ರಕ್ತ ಹೋಗುತ್ತಿರುವುದಿಲ್ಲ, ಒಂದೊಂದು ನಿಮಿಷವೂ ಲೆಕ್ಕ.

ಅವನು ಸುಮ್ನೆ ಕೇಳಿಸಿಕೊಳ್ಳುತ್ತಾ ತನ್ನ ಬಲಗೈ ಉಂಗುರದ ಬೆರಳನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಅಲ್ಲೊಂದು ಹಳೆಯ ಕಲೆ ಇದೆ. ಬೆರಳನ್ನು ಸುತ್ತಿ ಬಂದ ಬಿಳಿ ಗೆರೆ, ದೂರದಿಂದ ನೋಡಿದರೆ ಅದೇ ಒಂದು ಉಂಗುರ. 19ನೇ ವಯಸ್ಸಿನಲ್ಲಿ ಕೆಲಸ ಕಲಿಯುವಾಗ ಲಾರಿಯ ಬ್ಯಾಟರಿ ಬಿಚ್ಚುತ್ತಿದ್ದ. ಕೈಯಲ್ಲಿ ಪಾನಾ, ಬೆರಳಲ್ಲಿ ಪಂಚಲೋಹದ ಉಂಗುರ. ಪಾನಾ ಪಾಸಿಟಿವ್‌ಗೆ ತಾಗಿತ್ತು, ಉಂಗುರ ಚಾಸಿಗೆ ತಾಗಿತು. ಲಾರಿಯಲ್ಲಿ 24 ವೋಲ್ಟ್. ಅಷ್ಟಕ್ಕೆ ಶಾಕ್ ಹೊಡೆಯುವುದಿಲ್ಲ ಅಂತ ಎಲ್ಲರೂ ಧೈರ್ಯವಾಗಿರುತ್ತಾರೆ. ಶಾಕ್ ಹೊಡೆಯಲಿಲ್ಲ. ಆದರೆ ನೂರಾರು ಆಂಪಿಯರ್ ಕರೆಂಟು ಆ ಸಣ್ಣ ಬಳೆಯಲ್ಲಿ ಹರಿದು ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಂಡವಾಯಿತು. ಬೆರಳಿನಿಂದ ಎಳೆದು ತೆಗೆಯೋಕೆ ಹೋದರೆ ಇನ್ನೊಂದು ಕೈಯೂ ಸುಟ್ಟಿತು.

ಇಲ್ಲಿ ಲೋಹ ಯಾವುದು ಅನ್ನುವುದು ಮುಖ್ಯವೇ ಅಲ್ಲ. ಚಿನ್ನ, ಬೆಳ್ಳಿ, ತಾಮ್ರ ಇನ್ನೂ ಚೆನ್ನಾಗಿ ಕರೆಂಟು ಹರಿಸುತ್ತವೆ. ಲಾರಿಯಿಂದ ಹಾರಿ ಇಳಿಯುವಾಗ ಉಂಗುರ ಕೊಕ್ಕೆಗೆ ಸಿಕ್ಕಿ ಬೆರಳಿನ ಚರ್ಮವೇ ಕಿತ್ತು ಬಂದ ಗಾಯವನ್ನೂ ಹುಡುಗಿ ನೋಡಿದ್ದಳು. ಹಾಗಾಗಿ ಅವನ ಪಾಲಿಗೆ ಮೊದಲ ತೀರ್ಮಾನ ಅಲ್ಲೇ ಆಯಿತು. ಕೆಲಸದ ಹೊತ್ತಿನಲ್ಲಿ ಉಂಗುರ ಹಾಕುವುದಿಲ್ಲ. ಬೆಳಿಗ್ಗೆ ದೇವರ ಜಗಲಿ ಮೇಲೆ ಬಿಚ್ಚಿಟ್ಟು ಹೋಗುವುದು, ಸಂಜೆ ಕೈಕಾಲು ತೊಳೆದು ಹಾಕಿಕೊಳ್ಳುವುದು. ಅಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ. "ಮದುವೆ ಉಂಗುರ ಬಿಚ್ಚಿಡೋದಾ? ಶಕುನ ಅಲ್ಲಪ್ಪ" ಅಂದಳು. ಮಗ ಮಾತಾಡಲಿಲ್ಲ, ಬೆರಳು ತೋರಿಸಿದ. ಅಕ್ಕ ಆ ಕಲೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ದಿನಾ ಬಿಚ್ಚಿ ಹಾಕುವ ಉಂಗುರ ಅಂತ ಆದ ಕೂಡಲೇ ಲೋಹದ ಲೆಕ್ಕವೂ ಬದಲಾಯಿತು. ಗಾಡಿ ರಿಪೇರಿಯ ಏಟು ಅದಕ್ಕೆ ಬೀಳುವುದಿಲ್ಲ, ಮೆತ್ತಗಿನ 22 ಕ್ಯಾರೆಟ್ ಸಾಕು. ಅವನ ಗಿಣ್ಣು ದಪ್ಪ, ಬುಡ ಸಣ್ಣ. ಮುಂದೆ ಅಳತೆ ತಿದ್ದಬೇಕಾಗುವುದು ಖಂಡಿತ, ಆದ್ದರಿಂದ ಊರಿನ ಆಚಾರ್ರ ಕೈಗೆ ಬಗ್ಗುವ ಲೋಹವೇ ಬೇಕು.

ಪ್ಲಾಟಿನಂ ಬೇಡವೆಂದದ್ದು

ಹುಡುಗಿಗೆ ಏನು? ನನ್ನ ಮನಸ್ಸಿನಲ್ಲಿದ್ದದ್ದು ಪ್ಲಾಟಿನಂ. ಈಗಲೂ ಅದು ತಪ್ಪಾಗುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಒಳಗೆ ಪಿಟಿ 950 ಅಂತ ಇದ್ದರೆ ಸಾವಿರಕ್ಕೆ 950 ಪಾಲು ಪ್ಲಾಟಿನಮ್ಮೇ. ಬಣ್ಣ ಅದರದ್ದೇ, ರೋಡಿಯಂ ಸವೆದು ಹಳದಿ ಬರುವ ಮಾತಿಲ್ಲ. ಉಳಿದ 50 ಪಾಲಿಗೆ ಸಾಮಾನ್ಯವಾಗಿ ರುಥೇನಿಯಂ, ಇರಿಡಿಯಂ, ಕೋಬಾಲ್ಟ್ ಇಂಥವು, ನಿಕಲ್ ಅಲ್ಲ. ಗೀರು ಬಿದ್ದರೂ ಲೋಹ ಉದುರಿ ಹೋಗುವುದು ಕಡಿಮೆ, ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಹಾಗಾಗಿ ವರ್ಷಗಳು ಕಳೆದರೂ ತೂಕ ಅಷ್ಟಾಗಿ ಇಳಿಯುವುದಿಲ್ಲ, ಮೇಲೆ ಮಾತ್ರ ಹೊಳಪು ಮಾಸುತ್ತದೆ.

ಪ್ಲಾಟಿನಂ ಅಂದರೆ ಚಿನ್ನಕ್ಕಿಂತ ದುಬಾರಿ ಅಂತಲೇ ಎಲ್ಲರೂ ತಿಳಿದಿದ್ದಾರೆ. ಕೆಲವು ವರ್ಷಗಳಿಂದ ಗ್ರಾಮಿನ ಲೆಕ್ಕದಲ್ಲಿ ಅದೇ ಅಗ್ಗವಾಗಿತ್ತು. ಆದರೆ ಉಂಗುರ ಅಗ್ಗ ಆಗುವುದಿಲ್ಲ. ಒಂದೇ ಅಚ್ಚಿನಲ್ಲಿ ಮೂರು ಉಂಗುರ ಮಾಡಿದೆವು ಅಂದುಕೊಳ್ಳಿ. 22 ಕ್ಯಾರೆಟ್ಟಿನದು 4 ಗ್ರಾಂ ತೂಗಿದರೆ, 18 ಕ್ಯಾರೆಟ್ಟಿನದು ಸುಮಾರು 3.5 ಗ್ರಾಂ, ಪ್ಲಾಟಿನಂ ಸುಮಾರು 4.7 ಗ್ರಾಂ. ಲೋಹ ಅಷ್ಟು ಭಾರ. ಮೇಲೆ ಮಜೂರಿ ಜಾಸ್ತಿ. ಚಿನ್ನ 1064 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂಗೆ 1768 ಡಿಗ್ರಿ ಬೇಕು. ಮಂಡಿಪೇಟೆಯ ಗಲ್ಲಿಯಲ್ಲಿ ಗ್ಯಾಸ್ ಗನ್ ಹಿಡಿದು ಕೂತ ಆಚಾರ್ರಿಗೆ ಆ ಶಾಖ ಸಿಗುವುದಿಲ್ಲ. ಅಳತೆ ತಿದ್ದಬೇಕೆಂದರೂ ದೊಡ್ಡ ಅಂಗಡಿಯ ಮೂಲಕ ಬೆಂಗಳೂರಿಗೆ ಕಳಿಸಬೇಕು. ಹಳೆಯದನ್ನು ಕೊಡಲು ಹೋದರೆ ಕೊಂಡ ಅಂಗಡಿ ಬಿಟ್ಟು ಬೇರೆಯವರು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಚಿನ್ನಕ್ಕಿರುವ ಕಡ್ಡಾಯ ಎಚ್‌ಯುಐಡಿ ಅದಕ್ಕಿಲ್ಲ.

ಇದೆಲ್ಲ ಹೇಳಿ, "ಆದ್ರೂ ನಿನ್ನ ಚರ್ಮಕ್ಕೆ ಇದೇ ವಾಸಿ" ಅಂದೆ. ಅವಳು ಒಪ್ಪುವುದರಲ್ಲಿದ್ದಳು. ಆಗ ನಮ್ಮವ್ವ ಜಗಳೂರಿನಿಂದ ಬಂದಳು, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು.

ಗಂಟಿನಲ್ಲಿದ್ದದ್ದು ಅವಳ ಬುಗುಡಿ ಜೋಡಿ. ಕಿವಿಯ ಮೇಲಂಚಿಗೆ ಹಾಕುವುದು. ಅವ್ವನ ಮದುವೆಗೆ ಅಂತ ಅವಳಪ್ಪ ದುರ್ಗದ ಆಚಾರ್ರೊಬ್ಬರ ಹತ್ತಿರ ಮಾಡಿಸಿದ್ದು. ಅವ್ವನ ಕಿವಿಯ ತೂತು ಮುಚ್ಚಿಯೇ ಇಪ್ಪತ್ತು ವರ್ಷದ ಮೇಲಾಯಿತು. ನಾವ್ಯಾರೂ ಕಿವಿ ಮೇಲೆ ಚುಚ್ಚಿಸಿಕೊಂಡವರಲ್ಲ. "ಎರಡು ಅದಾವು, ಇಬ್ರಿಗೆ ಎರಡು ಉಂಗುರ ಮಾಡಿಸ್ರಿ. ಪೆಟ್ಟಿಗ್ಯಾಗ ಇಟ್ಟು ಏನು ಮಾಡ್ಲಿ" ಅಂದಳು. ಹುಡುಗಿ ಅವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ಆಂಟಿ, ಹಳದಿ ಚಿನ್ನದಲ್ಲಿ ನಿಕಲ್ ಇಲ್ಲದಂಗೆ ಮಾಡಿಸಬಹುದಾ?" ಅಂದಳು.

ಮಾಡಿಸಬಹುದು. ಬೆರೆಸುವಾಗ ನಾವೇ ಎದುರು ಕೂತರೆ ಮಾತ್ರ ಅದು ಖಾತ್ರಿ.

ಮೂಸೆಯ ಮುಂದೆ

ಏಪ್ರಿಲ್ ತಿಂಗಳು. ಅದೇ ತಿಂಗಳು ಅಪರಂಜಿ ಚಿನ್ನದ ಬೆಲೆ 10 ಗ್ರಾಮಿಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಅಂಗಡಿಗೆ ಬಂದವರು ಬೋರ್ಡ್ ನೋಡಿ ಹಾಗೇ ವಾಪಸ್ ಹೋಗುತ್ತಿದ್ದ ಕಾಲ. ಹೊಸ ಚಿನ್ನ ಕೊಳ್ಳದೆ ಇರುವುದರಲ್ಲೇ ಎರಡು ಉಂಗುರ ಎಬ್ಬಿಸಬೇಕಿತ್ತು.

ಬುಗುಡಿ ಜೋಡಿ ತಕ್ಕಡಿಯಲ್ಲಿ 8.460 ಗ್ರಾಂ ತೂಗಿತು. ಅವ್ವನಿಗೆ ಖುಷಿ. ಆಚಾರ್ರು ಒಂದನ್ನು ಕಿವಿ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರು. "ಒಳಗೆ ಅರಗು ಐತಕ್ಕ, ತೂಕ ಇಳಿತದೆ" ಅಂದರು. ಹಳೆಯ ಟೊಳ್ಳು ಒಡವೆಗಳಲ್ಲಿ ತಗಡು ನೆಗ್ಗದೆ ಇರಲಿ ಅಂತ ಅರಗು ತುಂಬುತ್ತಿದ್ದರು. ಬೆಂಕಿ ಹಿಡಿದಾಗ ಮೊದಲು ಅರಗೇ ಹೊಗೆಯಾಗಿ ಹೋಯಿತು. ಕಪ್ಪು ನೊರೆ ಉಕ್ಕಿತು, ಸುಟ್ಟ ವಾಸನೆ ಬಂತು. ಅವ್ವ ಸೆರಗು ಮೂಗಿಗೆ ಹಿಡಿದಳೇ ಹೊರತು ಎದ್ದು ಹೋಗಲಿಲ್ಲ. ಆಮೇಲೆ ಮೂಸೆಯ ತಳದಲ್ಲಿ ಎರಡೂ ಸೇರಿ ಒಂದು ಗುಂಡಾಯಿತು, ಕಿತ್ತಳೆ ಬಣ್ಣದ್ದು, ನಡುಗುತ್ತಿತ್ತು. ತಣ್ಣಗಾದ ಮೇಲೆ ತೂಗಿದರೆ 7.210 ಗ್ರಾಂ.

ಅದನ್ನು ಮಷಿನ್‌ಗೆ ಇಟ್ಟಾಗ 87 ಟಚ್ ಬಂತು, ಅಂದರೆ ನೂರಕ್ಕೆ 87 ಪಾಲು ಚಿನ್ನ. 22 ಕ್ಯಾರೆಟ್ ಅಂದರೆ 91.6 ಇರಬೇಕಿತ್ತು. ಅವ್ವನಿಗೆ ಬೇಜಾರಾಯಿತು, "ನಮ್ಮಪ್ಪಗ ಮೋಸ ಮಾಡಿದ್ರೇನು?" ಅಂದಳು. ಹಾಗೇನೂ ಇರಬೇಕಿಲ್ಲ. ಆ ಸಣ್ಣ ಗುಂಡು, ಕಡ್ಡಿ, ತಗಡು ಎಲ್ಲ ಕೂಡಿಸಲು ಹತ್ತಾರು ಕಡೆ ಬೆಸುಗೆ ಹಾಕಿರುತ್ತಾರೆ. ಬೆಸುಗೆ ಚಿನ್ನಕ್ಕಿಂತ ಮುಂಚೆ ಕರಗಬೇಕು, ಅದಕ್ಕೆ ಬೇರೆ ಲೋಹ ಜಾಸ್ತಿ ಸೇರಿಸಲೇಬೇಕು. ಕರಗಿಸಿದಾಗ ಎಲ್ಲ ಒಂದಾಗಿ ಸರಾಸರಿ ಇಳಿಯುತ್ತದೆ.

ಇದನ್ನು ಹಾಗೇ ಉಂಗುರ ಮಾಡಬಹುದಿತ್ತಾ? ಮಾಡುವವರಿದ್ದಾರೆ. ಆದರೆ ಆ 13 ಪಾಲಿನಲ್ಲಿ ಏನೇನಿದೆಯೋ. ಕೆಡಿಎಂ ಅನ್ನುತ್ತಾರಲ್ಲ, ಅದು ಕ್ಯಾಡ್ಮಿಯಂ ಬೆಸುಗೆ, ಅದರ ಹೊಗೆ ಕುಡಿದವರ ಆರೋಗ್ಯ ಕೆಡುತ್ತದೆ ಅಂತಲೇ ಬಿಟ್ಟದ್ದು. ಆದ್ದರಿಂದ ರಿಫೈನರಿಗೆ ಕೊಟ್ಟು ತೇಜಾಬಿನಲ್ಲಿ ಸೋಸಿ ಅಪರಂಜಿ ಮಾಡಿಸಿದೆವು. ಲೆಕ್ಕಕ್ಕೆ 6.27 ಗ್ರಾಂ ಬರಬೇಕು, ಕೈಗೆ ಬಂದದ್ದು 6.21.

ಇನ್ನು ಬೆರೆಸುವುದು. ಹುಡುಗನಿಗೆ 22 ಕ್ಯಾರೆಟ್, 4 ಗ್ರಾಂ. ಅದಕ್ಕೆ ಶುದ್ಧ ಚಿನ್ನ 3.66 ಗ್ರಾಂ ಬೇಕು. ಹುಡುಗಿಗೆ 18 ಕ್ಯಾರೆಟ್, 3.2 ಗ್ರಾಂ, ಶುದ್ಧ ಚಿನ್ನ 2.4 ಗ್ರಾಂ. ಎರಡೂ ಸೇರಿ 6.06. ಅರ ಹಾಕಿ ಉಜ್ಜುವಾಗ ಉದುರುವ ಪುಡಿ ತೆಗೆದರೂ ಸರಿಯಾಗಿ ಹೊಂದಿತು.

ಅವಳಿಗೆ ಯಾಕೆ 18, ಅವನಿಗೆ ಯಾಕೆ 22 ಅಂತ ಅಕ್ಕ ಕೇಳಿದಳು. ಸೊಸೆಗೆ ಕಮ್ಮಿ ಕ್ಯಾರೆಟ್ ಕೊಟ್ಟೆವು ಅಂತ ಹರಿಹರದವರು ಅಂದುಕೊಂಡರೆ? ಈ ಭಯ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಕ್ಯಾರೆಟ್ ಅಂದರೆ ಮರ್ಯಾದೆ ಅಂತ ತಿಳಿದುಬಿಟ್ಟಿದ್ದೇವೆ. ಅವಳ ಉಂಗುರ ದಿನವೆಲ್ಲ ಕೈಯಲ್ಲಿರುತ್ತದೆ, ತಿಕ್ಕುತ್ತದೆ, ಟ್ರಾಲಿಯ ಕಂಬಿಗೆ ಬಡಿಯುತ್ತದೆ. ಆ ಸಣ್ಣ ತೂಕದಲ್ಲಿ 22 ಕ್ಯಾರೆಟ್ ಮಾಡಿದರೆ ಕೆಲವೇ ತಿಂಗಳಿಗೆ ಸೊಟ್ಟಗಾಗುತ್ತದೆ. ಬೆಳ್ಳಿ-ತಾಮ್ರ ಸೇರಿದಷ್ಟೂ ಚಿನ್ನ ಗಟ್ಟಿ. ಮೇಲಾಗಿ ವಜ್ರ ಕೂರಿಸಬೇಕಿತ್ತು, ಹರಳನ್ನು ಹಿಡಿದಿಡಲು 18 ಕ್ಯಾರೆಟ್ ಒಳ್ಳೆಯದು. ಅವನ ಉಂಗುರ ಸಂಜೆಯ ಉಂಗುರ. ಮೆತ್ತಗಿದ್ದರೂ ನಡೆಯುತ್ತದೆ.

ಅವಳ 0.8 ಗ್ರಾಮಿಗೆ ಅರ್ಧ ಬೆಳ್ಳಿ, ಅರ್ಧ ತಾಮ್ರ. ತಲಾ 0.4. ಬೆಳ್ಳಿ ಕಾಳನ್ನೂ ತಾಮ್ರದ ತಂತಿಯ ಚೂರನ್ನೂ ನಾನೇ ತೂಗಿ ಹಾಕಿದೆ. ತಾಮ್ರ ನೋಡಿದಾಗ ಅವ್ವ, "ಇಂಗಳದಾಳದಾಗ ಮುಂಚೆ ಇದನ್ನ ತೆಗೀತಿದ್ರು" ಅಂದಳು. ಹೌದು, ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು. ಈ ಅಳತೆಗೆ ಬೆರೆಸಿದರೆ ಬಣ್ಣ 22 ಕ್ಯಾರೆಟ್ಟಿನಷ್ಟು ಕೆಂಪು-ಹಳದಿ ಬರುವುದಿಲ್ಲ, ತುಸು ತಿಳಿ ಹಳದಿ ಬರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟಾಗ ಮಾತ್ರ ವ್ಯತ್ಯಾಸ ಕಾಣುತ್ತದೆ.

ವಜ್ರ ಚಿಕ್ಕದು, 2 ಮಿಲಿಮೀಟರ್. ಈ ಸಲ ಮುಳ್ಳಿನ ಕಟ್ಟು ಬೇಡ ಅಂದೆವು. ಮುಳ್ಳು ಗ್ಲೌಸ್ ಹರಿಯುತ್ತದೆ, ಸಂದಿನಲ್ಲಿ ಕೊಳೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೊಟ್ಟ ಕೈ ಸ್ವಚ್ಛತೆಯ ಮಾರ್ಗಸೂಚಿಯಲ್ಲಿ ರೋಗಿಗಳನ್ನು ನೋಡುವಾಗ ಉಂಗುರ ಬೇಡ ಅಂತಲೇ ಇದೆ. ಸಂಪ್ರದಾಯದ ಒತ್ತಾಯ ಇದ್ದರೆ ಮಾಮೂಲಿ ಕೆಲಸದಲ್ಲಿ ಸಾದಾ ಮದುವೆ ಉಂಗುರ ಆದೀತು, ಆಪರೇಷನ್ ಥಿಯೇಟರಿನಂಥ ಕಡೆ ಎಲ್ಲವನ್ನೂ ತೆಗೆಯಬೇಕು. ಅವಳೇ ಇದನ್ನು ನಮಗೆ ಹೇಳಿದ್ದು. ಹಾಗಾಗಿ ಉಂಗುರದ ಮೈಯಲ್ಲೇ ಗುಳಿ ಕೊರೆದು ಹರಳನ್ನು ಒಳಗೆ ಇಳಿಸಿ, ಸುತ್ತ ಚಿನ್ನ ಒತ್ತಿಸಿದೆವು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಹರಳು ಇರುವುದು ಗೊತ್ತಾಗಬಾರದು ಅಂತ ಆಚಾರ್ರಿಗೆ ಹೇಳಿದ್ದೆ. ಅವರು ಅದನ್ನು ತಮ್ಮ ತುಟಿಗೆ ಸವರಿ ನೋಡಿಕೊಂಡೇ ನನಗೆ ಕೊಟ್ಟರು. ಕೈ ಒರಟಾಗಿದ್ದರೂ ತುಟಿಗೆ ಗೊತ್ತಾಗುತ್ತದಂತೆ.

ಅಳತೆಯನ್ನು ಸಂಜೆ ತೆಗೆದೆವು. ಬೆಳಿಗ್ಗೆ ತಂಪಿನಲ್ಲಿ ಬೆರಳು ಸಣ್ಣಗಿರುತ್ತದೆ. ಏಪ್ರಿಲ್‌ನ ದಾವಣಗೆರೆ ಬಿಸಿಲಿಗೆ ಮಧ್ಯಾಹ್ನದ ಮೇಲೆ ಊದುತ್ತದೆ. ಹುಡುಗನದು ಗಿಣ್ಣು ದಾಟುವಷ್ಟು ಸಡಿಲ ಇಟ್ಟೆವು. ಎರಡೂ 2 ಗ್ರಾಮಿಗಿಂತ ಜಾಸ್ತಿ ಇದ್ದದ್ದರಿಂದ ಹಾಲ್‌ಮಾರ್ಕ್ ಬೇಕೇಬೇಕು. ನಮ್ಮ ಅಂಗಡಿಯಿಂದ ಸೆಂಟರಿಗೆ ಕಳಿಸಿ, 916 ಒಂದಕ್ಕೆ, 750 ಒಂದಕ್ಕೆ, ಎಚ್‌ಯುಐಡಿ ಹಾಕಿಸಿ ತಂದೆವು. ಅವಳ ಉಂಗುರದ ಉಳಿದ 250 ಯಾವುದು ಅಂತ ಬಿಲ್ ಹಿಂದೆ ನಾನು ಕೈಯಲ್ಲಿ ಬರೆದುಕೊಟ್ಟೆ: ಬೆಳ್ಳಿ 125, ತಾಮ್ರ 125.

ವೈಶಾಖದಲ್ಲಿ ಮದುವೆ ಆಯಿತು. ಉಂಗುರ ಹಾಕಿಸಿದ ಮೇಲೆ ಅವ್ವ ಇಬ್ಬರ ಕೈಯನ್ನೂ ಹತ್ತಿರ ಎಳೆದುಕೊಂಡು ನೋಡಿದಳು. "ಇವುದ್ರಾಗ ನನ್ನ ಬಲಗಿವಿದು ಯಾವುದು?" ಅಂದಳು. ಎರಡೂ ಒಂದೇ ಮೂಸೆಯಲ್ಲಿ ಕರಗಿದ್ದನ್ನು ಎದುರೇ ಕೂತು ನೋಡಿದವಳು. ಆದರೂ ಕೇಳಿದಳು. ಹುಡುಗಿ ತನ್ನ ಕೈ ಮುಂದೆ ಮಾಡಿ, "ಇದು ಅಜ್ಜಿ" ಅಂದಳು.

ನಾವು ಮರೆತದ್ದು

ಮದುವೆಯಾಗಿ ಮೂರು ವಾರಕ್ಕೆ ಹುಡುಗಿಯಿಂದ ಫೋನ್ ಬಂತು. ಬೆರಳು ಚೆನ್ನಾಗಿದೆ, ಕಾಲು ಕೆರೆಯುತ್ತಿದೆ.

ಕಾಲುಂಗುರ. ಕೈಯ ಉಂಗುರಕ್ಕೆ ಇಷ್ಟೆಲ್ಲ ಮಾಡಿದ ನಾವು ಕಾಲಿನದನ್ನು ಕೇಳಲೇ ಇಲ್ಲ. ಸೊಂಟದ ಕೆಳಗೆ ಚಿನ್ನ ಹಾಕುವುದಿಲ್ಲ, ಕಾಲುಂಗುರ ಬೆಳ್ಳಿಯದು, ಬೆಳ್ಳಿ ಏನು ಮಾಡೀತು ಅಂತ ಬಿಟ್ಟಿದ್ದೆವು. ಅವಳ ಕಡೆಯ ಹಿರಿಯರೊಬ್ಬರು ಪ್ರೀತಿಯಿಂದ ಎರಡು ಜೊತೆ ತಂದಿದ್ದರು. ಶಾಸ್ತ್ರಕ್ಕೆ ಹಾಕಿದ್ದು ಬೆಳ್ಳಿ. ದಿನಾ ಹಾಕಿಕೊಳ್ಳಲಿ ಅಂತ ಜಾತ್ರೆ ಅಂಗಡಿಯಲ್ಲಿ ಕೊಂಡದ್ದು ಜರ್ಮನ್ ಸಿಲ್ವರ್. ಹೆಸರಿನಲ್ಲಿ ಸಿಲ್ವರ್ ಇದೆ, ಒಳಗೆ ಒಂದು ಚೂರೂ ಬೆಳ್ಳಿ ಇರುವುದಿಲ್ಲ. ತಾಮ್ರ, ಸತು, ನಿಕಲ್ ಸೇರಿಸಿ ಮಾಡುವ ಲೋಹ ಅದು. ಬೆಳ್ಳಗೆ ಕಾಣುವುದು ನಿಕಲ್‌ನಿಂದಲೇ.

ನನಗೆ ಇದು ಗೊತ್ತಿತ್ತು. ಕೇಳಬೇಕಿತ್ತು, ಕೇಳಲಿಲ್ಲ. ಅವತ್ತೇ ಸಂಜೆ ಅದನ್ನು ತೆಗೆಸಿದೆ. ಅದೇ ಆಚಾರ್ರ ಹತ್ತಿರ 925ರ ಬೆಳ್ಳಿಯಲ್ಲಿ, ಉಳಿದದ್ದಕ್ಕೆ ತಾಮ್ರ ಮಾತ್ರ ಹಾಕಿಸಿ, ಒಂದು ಜೊತೆ ಸಾದಾ ಕಾಲುಂಗುರ ಮಾಡಿಸಿದೆವು. ಕಪ್ಪಾಗುತ್ತದೆ, ಅದು ಬೆಳ್ಳಿಯ ಗುಣ. ವಾರಕ್ಕೊಮ್ಮೆ ಹಲ್ಲುಪುಡಿ ಹಾಕಿ ಉಜ್ಜುತ್ತಾಳೆ.

ಮೊನ್ನೆ ಇಬ್ಬರ ಉಂಗುರವನ್ನೂ ಅಂಗಡಿಗೆ ತರಿಸಿ ನೋಡಿದೆ. ಅವಳದರ ಮೇಲೆ ಸಣ್ಣ ಗೀರುಗಳು ಬೇಕಾದಷ್ಟಿವೆ, ಹರಳು ಅಲ್ಲಾಡಿಲ್ಲ, ದುಂಡಗೇ ಇದೆ. ಬೆರಳ ಬುಡ ಬೇರೆ ಬೆರಳುಗಳ ಹಾಗೇ ಇದೆ. ವಾರ್ಡಿನಲ್ಲಿ ಬ್ಲೀಚ್ ದ್ರಾವಣ ಮುಟ್ಟುವ ದಿನ ಬಿಚ್ಚಿಡು ಅಂತ ಹೇಳಿದ್ದೆ, ಕ್ಲೋರಿನ್ ಚಿನ್ನದಲ್ಲಿ ಬೆರೆತ ಲೋಹಗಳನ್ನು ತಿನ್ನುತ್ತದೆ. ಅದನ್ನು ಪಾಲಿಸುತ್ತಿದ್ದಾಳೆ. ಅವನದು ಒಂದು ಕಡೆ ನೆಗ್ಗಿದೆ. ಒಂದು ರಾತ್ರಿ ಬಾಗಿಲಿಗೆ ಸಿಕ್ಕಿಸಿಕೊಂಡನಂತೆ. ಆಚಾರ್ರು ಕಬ್ಬಿಣದ ಕೋಲಿಗೆ ಏರಿಸಿ ಮರದ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿದರು. ಐದು ನಿಮಿಷದಲ್ಲಿ ದುಂಡಗಾಯಿತು. ದುಡ್ಡು ಕೊಡಲು ಹೋದರೆ ಬೇಡ ಅಂದರು.